ಏಳು ಸಲದ ಚಪ್ಪಾಳೆ

ಇವತ್ತು ಬೆಳಿಗ್ಗೆ ಸರಿಯಾಗಿ ಹಾಲು ಉಕ್ಕುವ ಹೊತ್ತಿಗೆ ಬಚ್ಚಲುಮನೆಯೊಳಗಿಂದ ‘ಫಟ್’ ಅಂತ ಚಪ್ಪಾಳೆ ಕೇಳಿಸಿತು. ಸ್ವಲ್ಪ ಬಿಟ್ಟು ಇನ್ನೊಂದು. ಸೊಳ್ಳೆ ಹೊಡೆಯುತ್ತಿದ್ದಾರೆ ಅಂದುಕೊಳ್ಳೋಕೆ ನನಗೇನು ಮದುವೆಯಾಗಿ ಎರಡು ದಿನವೇ? ಮೆಕ್ಸಿಕೋದಿಂದ ಬಂದು ಒಂಬತ್ತು ದಿನವಾಯಿತು, ಇನ್ನೂ ನಿಂತಿಲ್ಲ ಇದು.

ಕಳಿಸಿದವಳು ಅಮೆರಿಕದಲ್ಲಿರುವ ಮಗಳು. ‘ಸೂಟ್‌ಕೇಸ್ ಹಿಡ್ಕೊಂಡು ಬಸ್ಸು ಹತ್ತಿಳಿಯೋದು ಕಷ್ಟ’ ಅಂತ ಇಬ್ಬರಿಗೂ ಒಂದೊಂದು ಬೆನ್ನುಚೀಲ ತಗಲಿಸಿ, ಮೆಕ್ಸಿಕೋದ ಯುಕಟಾನ್ ಕಡೆಗೆ ವಿಮಾನ ಹತ್ತಿಸಿದಳು. ಐವತ್ತೆಂಟನೇ ವಯಸ್ಸಿನಲ್ಲಿ ನಾವು ಬ್ಯಾಕ್‌ಪ್ಯಾಕರ್‌ಗಳಾದೆವು. ಇವರ ಚೀಲದಲ್ಲಿ ಬೇಕಾದ ವಸ್ತು ಯಾವಾಗಲೂ ತಳದಲ್ಲೇ ಇರುತ್ತಿತ್ತು. ಬೀನ್ಸ್ ಕಾಳಿನ ಗೊಜ್ಜು ಅಂತ ನಾವು ಬಾಯಿ ಚಪ್ಪರಿಸಿ ತಿಂದಿದ್ದಕ್ಕೆ ಹಂದಿಕೊಬ್ಬು ಹಾಕಿರುತ್ತಾರೆ ಅಂತ ತಿಳಿದದ್ದು ಮೂರನೇ ದಿನ. ಆ ವಿಷಯ ಇಲ್ಲಿಗೇ ಬಿಡೋಣ, ನಮ್ಮತ್ತಿಗೆ ಇದನ್ನು ಓದುತ್ತಾರೆ.

ಕೆಟ್ಟದ್ದು ಚಿಚೆನ್ ಇಟ್ಸಾದಲ್ಲಿ, ಅಲ್ಲಿನ ಮೂಲನಿವಾಸಿಗಳಾದ ಮಾಯಾ ಜನರ ಹಳೇ ಪಾಳುಪಟ್ಟಣದಲ್ಲಿ. ಅಲ್ಲಿ ಕುಕುಲ್ಕನ್ ದೇವರ ಪಿರಮಿಡ್ಡಿದೆ. ನಾಲ್ಕೂ ಕಡೆ 91 ಮೆಟ್ಟಿಲು, ನೆತ್ತಿಯ ಮೇಲೆ ಒಂದು, ಒಟ್ಟು 365. ಹತ್ತೋಕೆ ಈಗ ಬಿಡುವುದಿಲ್ಲ. ಹಾಗಾಗಿ ಬಂದವರೆಲ್ಲ ಕೆಳಗೆ ನಿಂತು ಚಪ್ಪಾಳೆ ತಟ್ಟುತ್ತಾರೆ. ತಟ್ಟಿದರೆ ಮೆಟ್ಟಿಲ ಸಾಲಿನಿಂದ ‘ಚಿಯೂಂ’ ಅಂತ ಹಕ್ಕಿ ಕೂಗಿದ ಹಾಗೆ ಮರುದನಿ ಬರುತ್ತದೆ. ಕೆಳಗಿನ ಮೆಟ್ಟಿಲಿನ ಸದ್ದು ಮೊದಲು, ಮೇಲಿನವುಗಳದ್ದು ಒಂದರ ಹಿಂದೊಂದು ತಡವಾಗಿ ಬರುವುದರಿಂದ ಹಾಗಂತೆ. ಮಾಯಾ ಜನ ಪೂಜ್ಯವೆಂದುಕೊಂಡಿದ್ದ ಕ್ವೆಟ್ಜಾಲ್ ಹಕ್ಕಿಯ ದನಿಯೇ ಅದು ಅಂತ ಗೈಡ್ ಹೇಳಿದ. ನನಗೆ ಮೈ ಜುಮ್ಮೆಂದಿತು. ನಮ್ಮವರು ಬಿಜಾಪುರದವರು. ಎರಡು ಸಲ ತಟ್ಟಿ, ಕಿವಿ ಕೊಟ್ಟು, ತೀರ್ಪು ಕೊಟ್ಟರು:

‘ಇದೇನ್ ಮಹಾ ಅಲ್ಲ. ನಮ್ಮ ಗೋಳಗುಮ್ಮಟದಾಗ ಏಳ್ ಸಲ ಕೇಳಸ್ತದ.’

ಗೈಡ್‌ಗೆ ಕನ್ನಡ ಬರುತ್ತಿರಲಿಲ್ಲ, ಪುಣ್ಯಕ್ಕೆ. ಆದರೆ ಇವರು ಬೆರಳಲ್ಲಿ ಏಳು ತೋರಿಸಿದರು. ಆತ ಏಳು ಟಿಕೆಟ್ ಬೇಕೇನೋ ಅಂದುಕೊಂಡ.

ಅಲ್ಲೇ ಪಕ್ಕದಲ್ಲಿ 168 ಮೀಟರ್ ಉದ್ದದ ಚೆಂಡಾಟದ ಅಂಗಳ. ಒಂದು ತುದಿಯಲ್ಲಿ ಪಿಸುಗುಟ್ಟಿದ್ದು ಇನ್ನೊಂದು ತುದಿಗೆ ಕೇಳಿಸುತ್ತದಂತೆ. ಒಂದೇ ಸೋಫಾದಲ್ಲಿ ಕೂತು ‘ಗ್ಯಾಸ್ ಬುಕ್ ಮಾಡ್ರೀ’ ಅಂದರೆ ಕೇಳಿಸದ ಮನುಷ್ಯ ಅಲ್ಲಿ ಕಣ್ಣು ಮುಚ್ಚಿ, ಕಿವಿಗೆ ಕೈ ಹಚ್ಚಿ ನಿಂತಿದ್ದರು.

ಅಲ್ಲಿಂದ ಶುರು. ಗೋಡೆ ಕಂಡರೆ ಚಪ್ಪಾಳೆ. ವಯ್ಯಾಡೊಲಿದ್‌ನಲ್ಲಿ ರಾತ್ರಿ ಊಟಕ್ಕೆ ಹೋದೆವು. ಸ್ಪೇನಿನವರ ಕಾಲದ ಮನೆ, ನಡುವೆ ನಮ್ಮ ತೊಟ್ಟಿಮನೆಯ ಹಾಗೆ ಅಂಗಳ. ಇವರು ತಟ್ಟಿದರು. ವೇಟರ್ ಓಡಿಬಂದ. ‘ಎಕೋ ನೋಡಿದೆ’ ಅನ್ನೋಕೆ ಸ್ಪ್ಯಾನಿಷ್ ಯಾರಿಗೆ ಬರುತ್ತದೆ? ಮುಜುಗರಕ್ಕೆ ಒಂದು ಓರ್ಚಾಟಾ ಹೇಳಿದರು. ಅಕ್ಕಿ ನೆನೆಸಿ ರುಬ್ಬಿ, ದಾಲ್ಚಿನ್ನಿ ಹಾಕಿದ ತಣ್ಣನೆಯ ಪಾನಕ, ಚೆನ್ನಾಗಿಯೇ ಇತ್ತು. ಆಮೇಲೆ ‘ಆ ಕಂಬದ ಕಡಿಂದ ಬ್ಯಾರೆ ಬರ್ತದೇನ ನೋಡೋಣು’ ಅಂತ ಮತ್ತೆ ತಟ್ಟಿದರು. ಮತ್ತೆ ವೇಟರ್, ಮತ್ತೆ ಓರ್ಚಾಟಾ. ನಾಲ್ಕನೆಯದಕ್ಕೆ ಆತ ಕೇಳುವುದನ್ನೇ ಬಿಟ್ಟ, ಚಪ್ಪಾಳೆ ಕೇಳಿಸಿದೊಡನೆ ಲೋಟ ತಂದಿಟ್ಟ. ಆ ರಾತ್ರಿ ನಾನು ಎದ್ದ ಸಲ ಎಣಿಸಿದ್ದರೆ ಗೋಳಗುಮ್ಮಟದ ಲೆಕ್ಕಕ್ಕೆ ಸರಿಹೋಗುತ್ತಿತ್ತು.

ಇಸಮಾಲ್ ಎಂಬ ಊರಿಗೆ ಊರೇ ಅರಿಶಿನ ಬಣ್ಣ. ಮಾಯಾ ಜನರ ಪಿರಮಿಡ್ಡಿನ ಬುಡದ ಮೇಲೇ ದೊಡ್ಡ ಕ್ರೈಸ್ತ ಮಠ ಎದ್ದು ನಿಂತಿದೆ. ಅದನ್ನು ಕಟ್ಟಿಸಿದ ಸ್ಪೇನಿನ ಪಾದ್ರಿ ಡಿಯೇಗೊ ಡಿ ಲಾಂಡಾ 1562ರಲ್ಲಿ ಮಾಯಾ ಪುಸ್ತಕಗಳನ್ನು ಸುಡಿಸಿದವನೂ ಹೌದು. ಜಗತ್ತಿನಲ್ಲೀಗ ಅಂಥವು ಉಳಿದಿರುವುದು ನಾಲ್ಕೇ. ಸಂಜೆಯಾಗಿತ್ತು, ಅಂಗಳದಲ್ಲಿ ನಾವಿಬ್ಬರೇ. ಇವರು ಕೈ ಎತ್ತಿದರು. ನಾನು ಹಲ್ಲು ಕಚ್ಚಿದೆ. ಯಾಕೋ ತಟ್ಟಲಿಲ್ಲ.

‘ಸಣ್ಣಾಂವ ಇದ್ದಾಗ ಅಪ್ಪ ಗುಮ್ಮಟದ ಮ್ಯಾಲೆ ಕರ್ಕೊಂಡು ಹೋಗಿದ್ರು,’ ಅಂದರು. ‘ಆ ಕಡೆ ನಿಂತು ಗ್ವಾಡಿಗೆ ಬಾಯಿ ಹಚ್ಚಿ ಏನೋ ಅಂದ್ರು. ಈ ಕಡೆ ಕಿವ್ಯಾಗ ಬಂದು ಹೇಳಿದಂಗ ಕೇಳಸ್ತು.’

‘ಏನಂದ್ರು?’

‘ಮರತೀನಿ. ದನಿ ಅಷ್ಟ ನೆನಪದ.’

ನನಗೆ ಮಾತು ಹೊರಡಲಿಲ್ಲ. ಇನ್ನು ಮೇಲೆ ತಟ್ಟಲಿ ಪಾಪ, ಏನೂ ಅನ್ನಬಾರದು ಅಂದುಕೊಂಡೆ. ಮಾರನೇ ದಿನ ಮೆರಿಡಾದ ಕೆಥೆಡ್ರಲ್‌ಗೆ ಹೋಗುವವರೆಗೆ ಆ ನಿರ್ಧಾರ ಗಟ್ಟಿಯಾಗಿಯೇ ಇತ್ತು. ಮಾಯಾ ಕಟ್ಟಡಗಳ ಕಲ್ಲನ್ನೇ ಕಿತ್ತು ಕಟ್ಟಿ 1598ರಲ್ಲಿ ಮುಗಿಸಿದ ಚರ್ಚು ಅದು. ಮೊಣಕಾಲೂರಿದ ಅಜ್ಜಿಯರು, ಪಾದ್ರಿಯ ಮೆಲುದನಿ, ಆಮೇಲೆ ಒಂದು ಗಳಿಗೆ ಮೌನ. ಆ ಮೌನದಲ್ಲಿ ‘ಫಟ್’. ಅಜ್ಜಿಯರೆಲ್ಲ ತಿರುಗಿ ನೋಡಿದ್ದು ಯಾರನ್ನು ಅಂದುಕೊಂಡಿರಿ? ನನ್ನನ್ನು. ಇವರು ಕೈ ಹಿಂದೆ ಕಟ್ಟಿಕೊಂಡು ಚಾವಣಿ ನೋಡುತ್ತಿದ್ದರು.

ಈಗ ಬಚ್ಚಲುಮನೆಯಲ್ಲಿ ಚಪ್ಪಾಳೆ ನಿಂತಿದೆ. ‘ಏ, ಟವೆಲ್ ಕೊಡ!’ ಅಂತ ಕೂಗುತ್ತಿದ್ದಾರೆ. ಇದು ಮೂರನೇ ಸಲ. ಏಳಾಗಲಿ, ಕೊಡ್ತೀನಿ.