ಫ್ಲೈಓವರ್ ಕೆಳಗಿನ ಶಾಲೆ ಮತ್ತು ನಮ್ಮ ತುಮಕೂರು

ನಾನಿರುವುದು ಮುಂಬೈ ಪಕ್ಕದ ಠಾಣೆ ನಗರದಲ್ಲಿ. ತುಮಕೂರಿಗೆ ಬಂದಾಗ ನೆಂಟರು ಹೇಳುವ ಮಾತೊಂದಿದೆ. "ನಿಮ್ಮ ಬಾಂಬೆ ಕಡೆ ಮಕ್ಕಳನ್ನ ಬೀದಿಗೆ ಬಿಟ್ಬಿಡ್ತಾರಂತಲ್ಲಪ್ಪ, ನಮಗೇನು, ಸಿದ್ಧಗಂಗೆ ಇದೆ." ಮಠದ ಬಗ್ಗೆ ನನಗೂ ಹೆಮ್ಮೆಯೇ. ಸುಮಾರು 10 ಸಾವಿರ ಮಕ್ಕಳಿಗೆ ಅನ್ನ, ವಸತಿ, ಓದು ಮೂರನ್ನೂ ಕೊಡುವ ಜಾಗ ದೇಶದಲ್ಲಿ ಎಷ್ಟಿವೆ ಹೇಳಿ. ಆದರೆ ನಮ್ಮ ಕಡೆಯ ಬೀದಿ ಮಕ್ಕಳನ್ನು ಯಾರೂ ಬಿಟ್ಟಿಲ್ಲ ಕಣ್ರೀ. ಸಿಗ್ನಲ್‌ನಲ್ಲಿ ಗಜರಾ ಮಾರುವ ಹುಡುಗಿಯ ಅಮ್ಮ ಅಲ್ಲೇ ಡಿವೈಡರ್ ಮೇಲೆ ಕೂತು ಹೂ ಕಟ್ಟುತ್ತಿರುತ್ತಾಳೆ. ಮಹಾರಾಷ್ಟ್ರದ ಮರಾಠವಾಡದ ಬರಕ್ಕೆ ಊರು ಬಿಟ್ಟು ಬಂದವರು, ಅದರಲ್ಲೂ ಪಾರ್ಧಿ ಅನ್ನೋ ಅಲೆಮಾರಿ ಬುಡಕಟ್ಟಿನವರು ಜಾಸ್ತಿ. ಒಂಟಿಯಾಗಿ ರೈಲು ಹತ್ತಿ ಬಂದು ಪ್ಲಾಟ್‌ಫಾರಂನಲ್ಲಿ ಮಲಗುವ, ನಶೆಗೆ ವೈಟ್ನರ್ ಮೂಸುವ ಹುಡುಗರೂ ಇದ್ದಾರೆ. ಅವರ ಕಥೆ ಬೇರೆ. 1098 ಮಕ್ಕಳ ಸಹಾಯವಾಣಿ 1996ರಲ್ಲಿ ಮುಂಬೈಯಲ್ಲೇ ಶುರುವಾಗಿದ್ದು ಅಂಥವರನ್ನು ನೋಡಿಯೇ. ಆದರೆ ಅಮ್ಮ ಜೊತೆಗಿರುವ ಮಗುವನ್ನು ಎತ್ತಿಕೊಂಡು ಹೋಗಿ ಬಾಲಮಂದಿರಕ್ಕೆ ಹಾಕಿದರೆ ಯಾರಿಗೆ ಲಾಭ? ಬಿಡಿಸಿಕೊಂಡು ಬರೋಕೆ ಆಕೆ ಕೂಲಿ ಬಿಟ್ಟು ಅಲೆಯಬೇಕು, ಅಷ್ಟೇ.

ಠಾಣೆ ಪಾಲಿಕೆ ಒಂದು ಸಂಸ್ಥೆಯ ಜೊತೆ ಸೇರಿ 2016ರಲ್ಲಿ ತೀನ್ ಹಾತ್ ನಾಕಾ ಫ್ಲೈಓವರ್ ಕೆಳಗೆ ಕಂಟೇನರ್ ಇಟ್ಟು ಶಾಲೆ ತೆರೆಯಿತು. ಹೆಸರೇ ಸಿಗ್ನಲ್ ಶಾಲೆ. ಮಕ್ಕಳು ಶಾಲೆಗೆ ಬರುತ್ತಿಲ್ಲ ಅಂತ ಬೈಯುವ ಬದಲು ಶಾಲೆಯೇ ಅವರಿದ್ದಲ್ಲಿಗೆ ಹೋಯಿತು. ಸ್ನಾನ, ಯೂನಿಫಾರಂ, ಊಟ ಎಲ್ಲ ಅಲ್ಲೇ. ಅಲ್ಲಿ ಓದಿದವರು ಹತ್ತನೇ ಕ್ಲಾಸ್ ಪಾಸ್ ಮಾಡಿದ್ದಾರೆ. ಹಾಗಂತ ಎಲ್ಲ ಸರಿಹೋಯಿತು ಅಂತಲ್ಲ. ಸಂಜೆ ಮಗು ವಾಪಸ್ ಹೋಗುವುದು ಫುಟ್‌ಪಾತಿಗೇ. ರಾತ್ರಿಯಿಡೀ ಲಾರಿ ಓಡಾಟ, ಕುಡಿದು ಬರುವವರ ಕಾಟ, ದೊಡ್ಡವಳಾಗುತ್ತಿರುವ ಮಗಳಿದ್ದರೆ ಅಮ್ಮನಿಗೆ ನಿದ್ದೆ ಎಲ್ಲಿಂದ ಬರಬೇಕು? ಫುಟ್‌ಪಾತ್ ತೆರವಿಗೆ ಪಾಲಿಕೆ ಗಾಡಿ ಬಂತೆಂದರೆ ಗಂಟುಮೂಟೆ ಜೊತೆ ಪಾಟಿಚೀಲವೂ ಹೋಗಬಹುದು. ಶಾಲೆ ಕೊಟ್ಟ ಪಾಲಿಕೆಯೇ ಸೂರಿನ ವಿಷಯಕ್ಕೆ ಬಂದರೆ ಸುಮ್ನಾಗುತ್ತದೆ.

ತುಮಕೂರು ಕಡೆ ಉಲ್ಟಾ. ಮಠ ಇದೆ, ಹಿಂದುಳಿದ ವರ್ಗದವರ ಬಿಸಿಎಂ ಹಾಸ್ಟೆಲ್ ಇದೆ, ಮೊರಾರ್ಜಿ ವಸತಿ ಶಾಲೆ ಇದೆ, ಸೂರಿಗೆ ಕೊರತೆಯಿಲ್ಲ. ಆದರೆ ಹಾಸ್ಟೆಲ್ ಸೀಟಿಗೆ ಟಿಸಿ ಬೇಕು, ಜಾತಿ ಸರ್ಟಿಫಿಕೇಟ್ ಬೇಕು, ಸರಿಯಾದ ತಿಂಗಳಲ್ಲಿ ಫಾರಂ ತುಂಬಿಸೋಕೆ ಒಬ್ಬರು ಬೇಕು. ಪಾವಗಡದಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದವರ ಮಗು ಅರ್ಧ ವರ್ಷದಲ್ಲಿ ಸೈಟಿನ ಶೆಡ್ಡಿನಲ್ಲಿರುತ್ತದೆ. ಹಾಜರಿ ಪುಸ್ತಕದಲ್ಲಿ ಅದು ಇನ್ನೂ ಊರ ಶಾಲೆಯಲ್ಲೇ! ವಯಸ್ಸಿನ ದಾಖಲೆ ಇಲ್ಲ ಅಂತ ಮಗುವನ್ನು ವಾಪಸ್ ಕಳಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ, ಆದರೆ ಇದನ್ನು ಗಾರೆ ಕೆಲಸದವರಿಗೆ ಯಾರು ಹೇಳಬೇಕು? ಕೂಲಿಯವರ ಮಕ್ಕಳಿಗೆ ಅವರಿದ್ದಲ್ಲೇ ನಡೆಸುವ ಟೆಂಟ್ ಶಾಲೆ ಅಂತಲೂ ನಮ್ಮಲ್ಲಿದೆ, ಆದರೆ ಕಟ್ಟಡ ಎದ್ದು ಕೂಲಿಯವರು ಮುಂದಕ್ಕೆ ಹೋದರೆ ಮಗುವಿನ ಓದು ಅಲ್ಲಿಗೆ ನಿಂತಂತೆ.

ತುಮಕೂರು ಕೂಡ ಈಗ ಸಣ್ಣ ಊರಲ್ಲ. 2016ರಲ್ಲೇ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು, ವಸಂತನರಸಾಪುರದ ಕಡೆ ಫ್ಯಾಕ್ಟರಿಗಳಾಗಿವೆ. ಇವನ್ನೆಲ್ಲ ಕಟ್ಟೋಕೆ ಬಂದವರ ಮಕ್ಕಳು ಎಲ್ಲಿ ಮಲಗುತ್ತಾರೆ ಅಂತ ನಮ್ಮ ನೆಂಟರು ಒಮ್ಮೆ ಹೋಗಿ ನೋಡಿ ಬರಲಿ. ಶೆಡ್ಡಿನ ಪಕ್ಕಕ್ಕೆ ಒಂದು ಕಂಟೇನರ್, ಒಬ್ಬರು ಟೀಚರ್ ಕಳಿಸೋದು ಪಾಲಿಕೆಗೆ ದೊಡ್ಡ ಖರ್ಚಲ್ಲ. ಫಾರಂ, ಟಿಸಿ ಎಲ್ಲ ಆಮೇಲೆ ಕೇಳಲಿ.