ವರ್ಷವಿಡೀ ಆಯುಧಪೂಜೆ

ಆಯುಧಪೂಜೆಯ ದಿನ ಕತ್ತಿ, ಚಾಕು, ಸುತ್ತಿಗೆಗಳಿಗೆ ಅರಿಶಿನ ಕುಂಕುಮ ಹಚ್ಚಿ ಸಾಲಾಗಿ ಇಡುತ್ತೇವೆ. ಅವತ್ತು ಅವನ್ನು ಕೆಲಸಕ್ಕೆ ಮುಟ್ಟುವಂತಿಲ್ಲ. ಮಾರನೇ ದಿನ ಕುಂಕುಮ ಒರೆಸಿ ಮತ್ತೆ ದುಡಿಸುತ್ತೇವೆ. ಈಚೆಗೆ ಹುಟ್ಟಿಕೊಂಡಿರುವ ಒಂದು ಪಂಥಕ್ಕೆ ಮಾತ್ರ ಈ ಮಾರನೇ ದಿನ ಬರುವುದೇ ಇಲ್ಲ. ಇಪ್ಪತ್ತೈದು ಸಾವಿರ ಸುರಿದು ತರಿಸಿದ ಮಡಿಚುವ ಚಾಕು ಮೇಜಿನ ಮೇಲೆ, ಮೆತ್ತನೆಯ ಬಟ್ಟೆಯಲ್ಲಿ, ಹೆತ್ತ ಕೂಸಿನ ಹಾಗೆ ಮಲಗಿರುತ್ತದೆ. ಅಲಗಿನ ಮೇಲೆ ಉಕ್ಕಿನ ಹೆಸರು, ‘ಎಸ್90ವಿ’ ಎಂದು ಕೊರೆದಿರುತ್ತದೆ. ಮಾಲೀಕರನ್ನು ಕೇಳಿ, ಜಾತಕ ಪೂರ್ತಿ ಒಪ್ಪಿಸುತ್ತಾರೆ: ಇಂಗಾಲ ಶೇ. 2.3, ಕ್ರೋಮಿಯಂ ಶೇ. 14, ವನೇಡಿಯಂ ಶೇ. 9. ಟೊಮೇಟೊ ಹೆಚ್ಚಬಹುದೇ ಎಂದು ಕೇಳಿ, ಮಾತು ಬದಲಾಯಿಸುತ್ತಾರೆ.

ಈ ಪಂಥದವರನ್ನು ಗುರುತಿಸುವುದು ಸುಲಭ. ಎಡ ಮುಂಗೈ ನೋಡಿದರೆ ಸಾಕು, ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದಂತಿರುತ್ತದೆ. ಹರಿತ ಪರೀಕ್ಷಿಸಲು ರೋಮ ಬೋಳಿಸಿ ಬೋಳಿಸಿ ಆದ ಗತಿ. ಬಲಗೈ ಯಾಕೆ ಉಳಿದಿದೆ ಎಂದರೆ ಎಡಗೈಯಲ್ಲಿ ಚಾಕು ಹಿಡಿಯಲು ಬರುವುದಿಲ್ಲ, ಅಷ್ಟೇ.

ಉಕ್ಕಿನ ಬಗ್ಗೆ ಅವರು ಹೇಳುವುದರಲ್ಲಿ ಸುಳ್ಳಿಲ್ಲ. ಕರಗಿದ ಲೋಹವನ್ನು ಪುಡಿಯಾಗಿ ಸಿಡಿಸಿ, ಆ ಪುಡಿಯನ್ನು ಬಿಸಿಯಲ್ಲಿ ಒತ್ತಿ ಗಟ್ಟಿ ಮಾಡಿದ ಉಕ್ಕು ಇದು. ಒಳಗೆ ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಗಾತ್ರದ ವನೇಡಿಯಂ ಕಾರ್ಬೈಡ್ ಕಣಗಳು, ಅಂದರೆ ವನೇಡಿಯಂ ಮತ್ತು ಇಂಗಾಲ ಸೇರಿ ಆದ ಗಡಸು ಹರಳುಗಳು, ಒತ್ತೊತ್ತಾಗಿ ಕೂತಿರುತ್ತವೆ. ರಟ್ಟು, ಹಗ್ಗ ಎಷ್ಟು ಕೊಯ್ದರೂ ಅಂಚು ಬೇಗ ಸವೆಯುವುದಿಲ್ಲ. ಇದನ್ನು ಅಳೆಯಲು ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಕ್ಯಾಟ್ರಾ ಎಂಬ ಸಂಸ್ಥೆಯ ಯಂತ್ರವಿದೆ. ಶೇ. 5ರಷ್ಟು ಸಿಲಿಕಾ ಬೆರೆಸಿದ ಕಾಗದದ ಕಟ್ಟನ್ನು ಚಾಕುವಿನ ಅಂಚಿಗೆ ಒತ್ತಿ ಹಿಂದೆ ಮುಂದೆ ಕೊಯ್ಯಿಸಿ, ಒಟ್ಟು ಎಷ್ಟು ಮಿಲಿಮೀಟರ್ ಕೊಯ್ದಿತು ಎಂದು ಅದು ಲೆಕ್ಕ ಇಡುತ್ತದೆ. ಮಾರಾಟಗಾರರು ಆ ಅಂಕಿಯನ್ನು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಂತೆ ಮೆರೆಸುತ್ತಾರೆ. ಮರಳು ಬೆರೆಸಿದ ಕಾಗದದ ಪಲ್ಯ ಯಾರ ಮನೆಯಲ್ಲಿ ಮಾಡುತ್ತಾರೋ ಕಾಣೆವು. ಅಂದಹಾಗೆ ಈ ಸವೆಯದ ಉಕ್ಕನ್ನು ರೂಪಿಸಿದ ಅಮೆರಿಕದ ಕ್ರುಸಿಬಲ್ ಕಂಪನಿಯೇ ಸವೆದುಹೋಯಿತು: 2009ರಲ್ಲಿ ಒಮ್ಮೆ ದಿವಾಳಿ, 2024ರ ಡಿಸೆಂಬರಿನಲ್ಲಿ ಮತ್ತೊಮ್ಮೆ.

ಸಣ್ಣ ಅಕ್ಷರದಲ್ಲೂ ಯಾರೂ ಬರೆಯದ ಸಂಗತಿ ಒಂದಿದೆ. ರಟ್ಟಿಗೆ ಸವೆಯದ್ದು ಕಲ್ಲಿಗೂ ಸವೆಯುವುದಿಲ್ಲ. ಹಳ್ಳಿಯ ಕಮ್ಮಾರ ಲಾರಿಯ ಸ್ಪ್ರಿಂಗ್ ಪ್ಲೇಟಿನಿಂದ ಬಡಿದ ಕತ್ತಿಯ ಗಡಸು, ವಿಕರ್ಸ್ ಲೆಕ್ಕದಲ್ಲಿ 600 ಮುಟ್ಟಿದರೆ ಹೆಚ್ಚು. ಹೊಳೆಕಲ್ಲಿನಲ್ಲಿರುವ ಬೆಣಚಿನ ಗಡಸು 1000ದ ಮೇಲೆ. ಹಾಗಾಗಿ ಬಾವಿಕಟ್ಟೆಯ ಕಲ್ಲಿಗೆ ನೀರು ಚಿಮುಕಿಸಿ ಹತ್ತು ಸಲ ಮಸೆದರೆ ಕತ್ತಿ ಹರಿತವಾಗುತ್ತದೆ. ಅಂಗಡಿಯ ಸಾಮಾನ್ಯ ಮಸೆಗಲ್ಲಿನ ಅಲ್ಯುಮಿನಿಯಂ ಆಕ್ಸೈಡ್ ಸುಮಾರು 2000, ಸಿಲಿಕಾನ್ ಕಾರ್ಬೈಡ್ ಸುಮಾರು 2500. ವನೇಡಿಯಂ ಕಾರ್ಬೈಡ್ 2800ರ ಆಸುಪಾಸು. ಇಲ್ಲಿ ಯಾರು ಯಾರನ್ನು ಮಸೆಯುತ್ತಿದ್ದಾರೆ ಎಂಬುದೇ ಪ್ರಶ್ನೆ. ಒರಟು ಕಲ್ಲಾದರೆ ಸುತ್ತಲಿನ ಮೆತ್ತನೆಯ ಉಕ್ಕಿನ ಸಮೇತ ಕಾರ್ಬೈಡನ್ನು ಹೇಗೋ ಕಿತ್ತು ಮುಂದೆ ಸಾಗುತ್ತದೆ. ನುಣುಪು ಕಲ್ಲಿನ ಕಣ ಕಾರ್ಬೈಡಿನಷ್ಟೇ ಸಣ್ಣದಾದಾಗ ಫಜೀತಿ ಶುರು. ಒಂದು ಗಂಟೆ ತಿಕ್ಕಿದರೂ ಹೊಳಪು ಬರುತ್ತದೆ, ಹರಿತ ಬರುವುದಿಲ್ಲ.

ಆಗ ಭಕ್ತರು ಅಡ್ಡದಾರಿ ಹಿಡಿಯುತ್ತಾರೆ. ಒಬ್ಬರು ಇನ್ನೂರು ರೂಪಾಯಿಯ ‘ವಿ’ ಸಂದಿಯ ಶಾರ್ಪನರಿನಲ್ಲಿ ಚಾಕುವನ್ನು ಸರಸರ ಎಳೆಯುತ್ತಾರೆ. ಅದರೊಳಗಿನ ಟಂಗ್‌ಸ್ಟನ್ ಕಾರ್ಬೈಡ್ ಹಲ್ಲುಗಳು ಅಂಚನ್ನು ತೇಯುವುದಿಲ್ಲ, ಕೆರೆದು ಹರಿಯುತ್ತವೆ. ಭೂತಗನ್ನಡಿಯಲ್ಲಿ ನೋಡಿದರೆ ಇಲಿ ಕಡಿದ ಚಪಾತಿ. ಇನ್ನೊಬ್ಬರು ಬೀದಿಯಲ್ಲಿ ‘ಚಾಕು ಚೂರಿ ಸಾಣೇ’ ಎಂದು ಕೂಗುತ್ತ ಬಂದವನ ಕೈಗೆ ಕೊಡುತ್ತಾರೆ. ಅವನ ಒಣಚಕ್ರಕ್ಕೆ ತಾಗಿದ ಕ್ಷಣವೇ ಕಿಡಿ ಹಾರುತ್ತದೆ. ಸುತ್ತ ನಿಂತವರು ಭಲೇ ಅನ್ನುತ್ತಾರೆ. ಹದ ಮಾಡುವಾಗ ಕೊಟ್ಟ ಶಾಖವನ್ನು (ಹೆಚ್ಚಿನ ಚಾಕುಗಳಲ್ಲಿ ಅದು 200 ಡಿಗ್ರಿ ಚಿಲ್ಲರೆ) ಮೀರಿದರೆ ಗಡಸು ಇಳಿಯುತ್ತದೆ. ಕೂದಲಷ್ಟು ತೆಳುವಾದ ಅಂಚು ಆ ಶಾಖ ಮುಟ್ಟಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಉಕ್ಕು ಅತಿಯಾಗಿ ಕಾದದ್ದಕ್ಕೆ ಗುರುತಾದ ನೀಲಿ ಬಣ್ಣ ಈ ಕ್ರೋಮಿಯಂ ಉಕ್ಕಿನಲ್ಲಿ ತಡವಾಗಿ ಏರುವುದರಿಂದ, ಬಣ್ಣ ಕಂಡಾಗ ಹದ ಕೆಟ್ಟು ಬಹಳ ಹೊತ್ತಾಗಿರುತ್ತದೆ. ಸಾಣೆಯವನದು ತಪ್ಪೇನಿಲ್ಲ. ಈಳಿಗೆಮಣೆಗೆ ಕಲಿತ ವಿದ್ಯೆ ಅವನದು, ಐವತ್ತು ರೂಪಾಯಿಗೆ ಲೋಹಶಾಸ್ತ್ರವನ್ನೂ ಕೇಳಿದರೆ ಹೇಗೆ?

ಸರಿಯಾದ ದಾರಿ ನೀರಸವಾದದ್ದು, ಅದಕ್ಕೇ ಜನಪ್ರಿಯವಾಗಿಲ್ಲ. ವಜ್ರದ ಕಣ ಕೂರಿಸಿದ ಡೈಮಂಡ್ ಪ್ಲೇಟು ಬೇಕು, 400ರದ್ದೊಂದು, 1000ದ್ದೊಂದು (ಅಂಕಿ ಏರಿದಷ್ಟೂ ಕಣ ಸಣ್ಣ). ಅಂಚು ಚೂರೆದ್ದಿದ್ದರೆ 140. ಮೇಲೆ ನಾಲ್ಕು ಹನಿ ನೀರು, ಪಾತ್ರೆ ತೊಳೆಯುವ ಸೋಪಿನ ಒಂದು ತೊಟ್ಟು. ಅಂಚಿನ ಇಳಿಜಾರಿಗೆ ಮಾರ್ಕರ್ ಪೆನ್ನಿನ ಮಸಿ ಬಳಿದು ನಾಲ್ಕು ಸಲ ಎಳೆದು ನೋಡಬೇಕು. ಮಸಿ ಇಳಿಜಾರಿನ ಮೇಲ್ಗಡೆ ಮಾತ್ರ ಅಳಿಸಿದ್ದರೆ ಚಾಕುವಿನ ಬೆನ್ನು ತಗ್ಗಿದೆ, ಕಲ್ಲು ಅಂಚನ್ನು ಮುಟ್ಟೇ ಇಲ್ಲ. ಅಂಚಿನಲ್ಲಷ್ಟೇ ಅಳಿಸಿದ್ದರೆ ಬೆನ್ನು ಎದ್ದಿದೆ. ಎರಡೂವರೆ ಸೆಂಟಿಮೀಟರ್ ಅಗಲದ ಅಲಗಿಗೆ ಮಗ್ಗುಲಿಗೆ 15 ಡಿಗ್ರಿ ಬೇಕೆಂದರೆ ಬೆನ್ನು ಪ್ಲೇಟಿನಿಂದ ಆರೂವರೆ ಮಿಲಿಮೀಟರ್ ಎತ್ತರದಲ್ಲಿರಬೇಕು, ಹೆಚ್ಚುಕಡಿಮೆ ಪೆನ್ಸಿಲ್ ದಪ್ಪ. ಇಷ್ಟಕ್ಕೆ ಆರು ಸಾವಿರದ ಕೋನಮಾಪಕ ಕೊಂಡವರಿದ್ದಾರೆ.

ಒತ್ತುವುದು ಮಾವಿನಹಣ್ಣು ಕಳಿತಿದೆಯೇ ಎಂದು ನೋಡುವಷ್ಟು ಸಾಕು. ಮೈಭಾರ ಬಿಟ್ಟು ತಿಕ್ಕಿದರೆ ನಿಕ್ಕಲ್ ಲೇಪದಲ್ಲಿ ಕೂತ ವಜ್ರದ ಹರಳುಗಳೇ ಕಿತ್ತು ಬರುತ್ತವೆ. ಆಮೇಲೆ ‘ಪ್ಲೇಟು ಡೂಪ್ಲಿಕೇಟು’ ಎಂದು ದೂರು. ಒಂದು ಮಗ್ಗುಲು ಮಸೆಯುತ್ತ ಹೋದಂತೆ ಇನ್ನೊಂದು ಮಗ್ಗುಲಿಗೆ ಅಂಚಿನ ಉದ್ದಕ್ಕೂ ಸಣ್ಣ ತಂತಿಯಂಥ ಬರ್ ಏಳಬೇಕು. ಬೆನ್ನಿನಿಂದ ಅಂಚಿನಾಚೆಗೆ ಹೆಬ್ಬೆರಳು ಜಾರಿಸಿದರೆ ಬೆರಳ ಗೆರೆಗಳಿಗೆ ಅದು ತಡೆಯುತ್ತದೆ. ಈ ಉಕ್ಕಿನಲ್ಲಿ ಬರ್ ಸಣ್ಣದು, ಏಳುವುದೂ ನಿಧಾನ. ಹಿಡಿಯ ಹತ್ತಿರ ಎದ್ದಿದೆ, ಮೊನೆಯ ಹತ್ತಿರ ಇಲ್ಲ ಅನ್ನುವಾಗಲೇ ತಾಳ್ಮೆ ಕೆಟ್ಟು ಮಗ್ಗುಲು ಬದಲಾಯಿಸುವವರೇ ಹೆಚ್ಚು. ಕೆಲಸ ಕೆಡುವುದು ಅಲ್ಲೇ. ಎರಡೂ ಕಡೆ ಎದ್ದ ಮೇಲೆ ಭಾರ ಇನ್ನಷ್ಟು ಇಳಿಸಿ, ಒಂದು ಸಲ ಈ ಮಗ್ಗುಲು ಒಂದು ಸಲ ಆ ಮಗ್ಗುಲು ಎಳೆದು ಅದನ್ನು ತೆಗೆಯಬೇಕು. ಕೊನೆಗೆ ಹಳೇ ಬೆಲ್ಟಿನ ಒಳಮೈಗೆ 1 ಮೈಕ್ರಾನಿನ ಡೈಮಂಡ್ ಪೇಸ್ಟ್ ಸವರಿ, ಅಂಚು ಹಿಂದಾಗಿ ಬರುವಂತೆ ಐದಾರು ಸಲ. ಮುಗಿಯಿತು.

ಆದರೆ ಭಕ್ತರಿಗೆ ಅಲ್ಲಿಗೆ ಮುಗಿಯುವುದಿಲ್ಲ. 3000, 8000, ಅರ್ಧ ಮೈಕ್ರಾನ್, ಕಾಲು ಮೈಕ್ರಾನ್ ಎಂದು ಅಂಚಿನ ಇಳಿಜಾರಿನಲ್ಲಿ ತಮ್ಮ ಮುಖ ಕಾಣುವವರೆಗೂ ಉಜ್ಜುತ್ತಾರೆ. ಮುಖ ಕಂಡ ಮೇಲೆ ಫೋಟೊ. ಅಷ್ಟು ನುಣುಪಾದ ಅಂಚು ಗಡ್ಡಕ್ಕೆ ಚೆನ್ನ. ಟೊಮೇಟೊ ಸಿಪ್ಪೆಯ ಮೇಲೆ ಬೇಗ ಜಾರತೊಡಗುತ್ತದೆ. 1000ದಲ್ಲೇ ನಿಲ್ಲಿಸಿದ್ದರೆ ಸಣ್ಣ ಗರಗಸದಂತೆ ಸಿಪ್ಪೆಗೆ ಕಚ್ಚುತ್ತಿತ್ತು. ಇನ್ನು ಹಲವು ಮಡಿಚುವ ಚಾಕುಗಳಲ್ಲಿ ಅಂಚಿನ ಹಿಂದಿನ ದಪ್ಪವೇ ಮುಕ್ಕಾಲು ಮಿಲಿಮೀಟರ್. ಕ್ಯಾರೆಟ್ಟಿಗೆ ಇಟ್ಟರೆ ಅರ್ಧಕ್ಕೆ ಹೋಗಿ ಉಳಿದರ್ಧವನ್ನು ಸೌದೆಯ ಹಾಗೆ ಸೀಳುತ್ತದೆ. ಕಾಲು ಮಿಲಿಮೀಟರಿನ ನೂರು ರೂಪಾಯಿಯ ತರಕಾರಿ ಚಾಕು ಪಕ್ಕದಲ್ಲೇ ಸದ್ದಿಲ್ಲದೆ ಇಳಿಯುತ್ತದೆ. ಈ ದಪ್ಪದ ಅಂಕಿ ಮಾತ್ರ ಯಾವ ಅಲಗಿನ ಮೇಲೂ ಕೊರೆದಿದ್ದನ್ನು ಕಂಡಿಲ್ಲ.

ನಡುವೆ ದೇಶಾಭಿಮಾನಿಗಳ ಪ್ರವೇಶವೂ ಆಗುತ್ತದೆ: ವನೇಡಿಯಂ ನಮ್ಮ ಪೂರ್ವಜರಿಗೇ ಗೊತ್ತಿತ್ತಂತೆ! ದಕ್ಷಿಣ ಭಾರತದ ಹಳೆಯ ಉಕ್ಕಿಗೆ ಇರುವ ವುಟ್ಜ್ ಎಂಬ ಹೆಸರು ನಮ್ಮ ‘ಉಕ್ಕು’ ಎಂಬ ಪದದಿಂದ ಬಂತು ಎನ್ನುವುದಕ್ಕೆ ಬಲವಿದೆ. ಆ ಉಕ್ಕಿನಿಂದ ಬಡಿದ ಹಳೆಯ ಡಮಾಸ್ಕಸ್ ಕತ್ತಿಗಳ ಅಲೆಯಲೆ ವಿನ್ಯಾಸಕ್ಕೆ ವನೇಡಿಯಂನಂಥ ಧಾತುಗಳ ಲೇಶ ಕಾರಣ ಎಂದು ಲೋಹತಜ್ಞ ವೆರ್ಹೋವನ್, ಕಮ್ಮಾರ ಪೆಂಡ್ರೇ ಮತ್ತಿತರರು 1998ರಲ್ಲಿ ವಾದಿಸಿದ್ದೂ ಹೌದು. ಲೇಶ ಎಂದರೆ ಶೇ. 0.01ರ ಆಸುಪಾಸು, ಅದೂ ಅದಿರಿನ ಜೊತೆ ತಾನಾಗಿ ಬಂದದ್ದು. ಆ ಕತ್ತಿಗಳನ್ನು ಮಾಮೂಲಿ ಕಲ್ಲಿಗೇ ಮಸೆಯಬಹುದಿತ್ತು.

ಕಥೆಯ ಕೊನೆಯ ಅಂಕಕ್ಕೆ ಹಬ್ಬಕ್ಕೆ ಬಂದ ಭಾವ ಬೇಕು. ಅವರು ಅರ್ಧ ಹೋಳು ತೆಂಗಿನಕಾಯಿ ಹಿಡಿದು ಸುತ್ತ ನೋಡುತ್ತಾರೆ. ಮೇಜಿನ ಮೇಲೆ ಚಾಕು ಮಲಗಿದೆ. ಎತ್ತಿ, ಮೊನೆಯನ್ನು ಚಿಪ್ಪಿಗೂ ಕಾಯಿಗೂ ನಡುವೆ ತೂರಿಸಿ, ಒಮ್ಮೆ ಮೀಟುತ್ತಾರೆ. ಲಾರಿ ಪ್ಲೇಟಿನ ಕತ್ತಿಯಾಗಿದ್ದರೆ ಬಾಗಿ ನೆಟ್ಟಗಾಗುತ್ತಿತ್ತು. ಇಲ್ಲಿ ಸವೆತ ತಡೆಯುವ ಕಾರ್ಬೈಡುಗಳೇ ಬಿರುಕಿಗೆ ದಾರಿ ಮಾಡಿಕೊಡುತ್ತವೆ: ಟಕ್. ಮುರಿದ ಮೊನೆಯನ್ನು ಅಂಚಿನ ಕಡೆಯಿಂದ ತೇಯಬಾರದು; 140ರ ಪ್ಲೇಟಿನ ಮೇಲೆ ಬೆನ್ನಿನ ಕಡೆಯಿಂದ ತೇಯುತ್ತ ಅಂಚಿನವರೆಗೆ ಇಳಿಸಬೇಕು. ಎರಡು ಮಿಲಿಮೀಟರ್ ಹೋಗಿದ್ದರೆ ಭಾನುವಾರ ಪೂರ್ತಿ ಅದಕ್ಕೇ. ಭಾವ ಚಿಪ್ಪಿನಲ್ಲಿ ಸಿಕ್ಕಿಕೊಂಡ ಚೂರನ್ನು ಉಗುರಿನಿಂದ ಎಬ್ಬಿಸಿ ಅಂಗೈಗೆ ಇಡುತ್ತ ಕೇಳುತ್ತಾರೆ: “ಗ್ಯಾರಂಟಿ ಕಾರ್ಡು ಇಟ್ಟಿದ್ದೀರಲ್ಲ?”