ಬೂಟ್ ಕೋಡ್ ಓಡದಿದ್ದರೆ ಮದರ್‌ಬೋರ್ಡ್ ಕೆಟ್ಟಿದೆಯೆಂಬ ಸಂದೇಶ: ಸ್ಪಷ್ಟನೆ

ಎಮ್ಯುಲೇಟರ್‌ನಲ್ಲಿ (ಕಂಪ್ಯೂಟರನ್ನು ಅನುಕರಿಸುವ ತಂತ್ರಾಂಶ) ಓಡುವ ಬೂಟ್ ಸೆಕ್ಟರ್ (ಯಂತ್ರ ಶುರುವಾಗುವಾಗ ಓಡುವ, ಡಿಸ್ಕಿನ ಆರಂಭದ ಪುಟ್ಟ ಕೋಡ್) ನಿಜವಾದ ಕಂಪ್ಯೂಟರ್‌ನಲ್ಲಿ ಓಡದಿದ್ದರೆ ಮದರ್‌ಬೋರ್ಡ್ ಕೆಟ್ಟಿದೆಯೆಂದೂ, ಸೆಕ್ಯೂರ್ ಬೂಟ್ ಎಂಬ ಭದ್ರತಾ ಸೌಲಭ್ಯವನ್ನು ನಿಲ್ಲಿಸಿದರೆ ಎಲ್ಲವೂ ಸರಿಹೋಗುತ್ತದೆಂದೂ ಹೇಳುವ ಸಂದೇಶವೊಂದು ಪುಣೆಯ ಕನ್ನಡಿಗ ಎಂಜಿನಿಯರುಗಳ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಎರಡೂ ಮಾತುಗಳು ತಪ್ಪು.

ಮದರ್‌ಬೋರ್ಡಿನ ಆರಂಭಿಕ ತಂತ್ರಾಂಶವಾದ ಬಯೋಸ್, ಡಿಸ್ಕಿನ ಮೊದಲ 512 ಬೈಟುಗಳನ್ನು, ಅಂದರೆ ಬೂಟ್ ಸೆಕ್ಟರನ್ನು, ಮೆಮೊರಿಯ 7ಸಿ00 ಎಂಬ ಹೆಕ್ಸಾಡೆಸಿಮಲ್ ವಿಳಾಸಕ್ಕೆ ತಂದು, ಪ್ರೊಸೆಸರಿನೊಳಗಿನ ಪುಟ್ಟ ಶೇಖರಣಾ ಜಾಗವಾದ ಡಿಎಲ್ ರಿಜಿಸ್ಟರಿನಲ್ಲಿ ಡ್ರೈವ್ ಸಂಖ್ಯೆಯನ್ನಿಟ್ಟು, ನಿಯಂತ್ರಣವನ್ನು ಒಪ್ಪಿಸುತ್ತದೆ. ಮೆಮೊರಿ ವಿಳಾಸದ ಆಧಾರವನ್ನು ಹೇಳುವ ಸೆಗ್ಮೆಂಟ್ ರಿಜಿಸ್ಟರುಗಳಲ್ಲಿ ಏನಿರುತ್ತದೆಂಬುದಕ್ಕೆ ಖಾತರಿಯಿಲ್ಲ. ಸೆಗ್ಮೆಂಟನ್ನು 16ರಿಂದ ಗುಣಿಸಿ ಆಫ್‌ಸೆಟ್ ಕೂಡಿಸಿದರೆ ವಿಳಾಸ ಸಿಗುವುದರಿಂದ, ಒಂದೇ ಜಾಗಕ್ಕೆ ಕೆಲವು ಬಯೋಸ್‌ಗಳು ಸೆಗ್ಮೆಂಟ್ 0, ಆಫ್‌ಸೆಟ್ 7ಸಿ00 ಎಂದು ನೆಗೆದರೆ, ಇನ್ನು ಕೆಲವು ಸೆಗ್ಮೆಂಟ್ 07ಸಿ0, ಆಫ್‌ಸೆಟ್ 0 ಎಂದು ನೆಗೆಯುತ್ತವೆ. ಹೀಗಾಗಿ ಡಿಎಸ್, ಇಎಸ್, ಎಸ್‌ಎಸ್ ಎಂಬ ಸೆಗ್ಮೆಂಟ್ ರಿಜಿಸ್ಟರುಗಳನ್ನು ಹಾಗೂ ತಾತ್ಕಾಲಿಕ ಮಾಹಿತಿಯ ಜಾಗವನ್ನು ಸೂಚಿಸುವ ಸ್ಟ್ಯಾಕ್ ಪಾಯಿಂಟರನ್ನು ತಾನೇ ಹೊಂದಿಸಿಕೊಳ್ಳದ ಕೋಡ್ ಒಂದು ಯಂತ್ರದಲ್ಲಿ ಅದೃಷ್ಟದಿಂದ ಓಡಿ, ಮತ್ತೊಂದರಲ್ಲಿ ನಿಲ್ಲುತ್ತದೆ. ಪೆನ್‌ಡ್ರೈವ್‌ನಿಂದ ಬೂಟ್ ಮಾಡುವಾಗ ಕೆಲವು ಬಯೋಸ್‌ಗಳು ಸೆಕ್ಟರಿನ ಆರಂಭದ ಬಿಪಿಬಿ ಭಾಗವನ್ನು (ಡಿಸ್ಕಿನ ವಿನ್ಯಾಸದ ವಿವರಗಳಿರುವ ಜಾಗ) ತಿದ್ದಿಬಿಡುತ್ತವೆ. ಅಲ್ಲಿ ಕೋಡ್ ಇದ್ದರೆ ಅದು ಹಾಳಾದಂತೆಯೇ. ಎಮ್ಯುಲೇಟರ್ ಸಾಮಾನ್ಯವಾಗಿ ಇದಾವುದನ್ನೂ ತೋರಿಸದು.

ಸೆಕ್ಯೂರ್ ಬೂಟ್, ಬಯೋಸ್‌ನ ಜಾಗಕ್ಕೆ ಬಂದಿರುವ ಯುಇಎಫ್‌ಐ ಎಂಬ ಹೊಸ ವ್ಯವಸ್ಥೆಯ ಪ್ರೋಗ್ರಾಮುಗಳ ಡಿಜಿಟಲ್ ಸಹಿಯನ್ನು ಪರಿಶೀಲಿಸುತ್ತದೆ, ಅಷ್ಟೇ. ಯುಇಎಫ್‌ಐ ಯಂತ್ರದಲ್ಲಿ ಹಳೆಯ ಬೂಟ್ ಸೆಕ್ಟರ್ ಓಡಲು ಸಿಎಸ್‌ಎಂ ಎಂಬ ಹೊಂದಾಣಿಕೆಯ ಘಟಕ ಬೇಕು. ಅದನ್ನು 2020ರೊಳಗೆ ಕೈಬಿಡುವುದಾಗಿ ಇಂಟೆಲ್ 2017ರಲ್ಲೇ ಹೇಳಿತ್ತು. ಸಿಎಸ್‌ಎಂ ಇಲ್ಲದ ಕಡೆ ಯುಇಎಫ್‌ಐ ಪ್ರೋಗ್ರಾಮನ್ನೇ ಬರೆಯಬೇಕಾಗುತ್ತದೆ. ಸೆಕ್ಯೂರ್ ಬೂಟ್ ನಿಲ್ಲಿಸಿದರೆ ಭದ್ರತೆ ಕುಗ್ಗುವುದೇ ಹೊರತು ಆ ಘಟಕ ಮರಳಿ ಬಾರದು.

ಈ ಸಂದೇಶವನ್ನು ನಂಬಿ ಸುಸ್ಥಿತಿಯ ಬೋರ್ಡನ್ನು ಬದಲಾಯಿಸುವುದು ವ್ಯರ್ಥ ಖರ್ಚು. ದಯವಿಟ್ಟು ಇದನ್ನು ಮುಂದಕ್ಕೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ತಲುಪಿಸಿ.